ಅಮ್ಮನ ಹರಕೆ, ನನ್ನ ತೂಕ

ನಮ್ಮೂರಿನ ದೇವಸ್ಥಾನದ ಹೊರಮಂಟಪದಲ್ಲಿ ತುಲಾಭಾರದ ದೊಡ್ಡ ತಕ್ಕಡಿಯೊಂದಿತ್ತು. ಆಳು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಅಗಲದ ಮರದ ತಟ್ಟೆಗಳು, ಕಬ್ಬಿಣದ ಸರಪಳಿ, ಮೇಲೆ ಎಣ್ಣೆ ಕುಡಿದು ಕಪ್ಪಾದ ದಂಡ. ಸೇವೆಯಿಲ್ಲದ ದಿನಗಳಲ್ಲಿ ಅದು ಗಾಳಿಗೆ ಆಡಬಾರದೆಂದು ಒಂದು ತಟ್ಟೆಯಲ್ಲಿ ದಪ್ಪನೆಯ ಗುಂಡುಕಲ್ಲು ಇಟ್ಟಿರುತ್ತಿದ್ದರು. ಆ ತಟ್ಟೆ ಯಾವಾಗಲೂ ನೆಲಕ್ಕೆ ಕೂತಿರುತ್ತಿತ್ತು, ಇನ್ನೊಂದು ಮೇಲೆ ಖಾಲಿ ನೇತಾಡುತ್ತಿತ್ತು. ಚಿಕ್ಕಂದಿನಿಂದ ನಾನು ಅದನ್ನು ಹೀಗೇ ನೋಡಿದ್ದೆ. ನನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ ಆ ಕಲ್ಲಿನ ಜಾಗದಲ್ಲಿ ನಾನೇ ಕೂರುವ ದಿನ ಬಂತು. ಅದಕ್ಕೆ ಮುಂಚೆ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ.

ಹರಕೆ ಅಮ್ಮನದು. ನನಗೆ ಮೂರು ವರ್ಷವಾಗಿದ್ದಾಗ ಏನೋ ಕಾಯಿಲೆ ಬಂದಿತ್ತಂತೆ. ಮಗು ಉಳಿಯುವುದಿಲ್ಲ ಎಂದು ನೆರೆಹೊರೆಯವರು ಮಾತಾಡಿಕೊಂಡಾಗ, ಇವನ ತೂಕದಷ್ಟು ಬೆಲ್ಲ ಒಪ್ಪಿಸುತ್ತೇನೆ ಎಂದು ಅಮ್ಮ ದೇವರಿಗೆ ಹೇಳಿಕೊಂಡಳಂತೆ. ನನಗೆ ಗೊತ್ತಿದ್ದದ್ದು ಅಷ್ಟೇ. ಆಗಲೇ ತೀರಿಸಿದ್ದರೆ ಒಂದು ಬುಟ್ಟಿ ಬೆಲ್ಲದಲ್ಲಿ ಮುಗಿದುಹೋಗುತ್ತಿತ್ತು. ಆದರೆ ಅಮ್ಮ ಹರಕೆಯ ಜೊತೆಗೆ ಒಂದು ಕಟ್ಟಳೆಯನ್ನೂ ಹಾಕಿಕೊಂಡಿದ್ದಳು. ಬೆಲ್ಲ ತನ್ನ ಕೈದುಡಿಮೆಯದೇ ಆಗಿರಬೇಕು. ಗಂಡನ ಸಂಬಳದ್ದಾಗಲಿ ಮಗನ ಸಂಪಾದನೆಯದ್ದಾಗಲಿ ಒಂದು ಚೂರೂ ಸೇರಬಾರದು. ಅಷ್ಟರಲ್ಲಿ ಅಪ್ಪ ಹೋದರು. ಅಮ್ಮ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರಿ ನನ್ನನ್ನು ಸಾಕಿದಳು. ಮನೆಗೇ ಸಾಲದಿದ್ದ ಆ ಕಾಲದಲ್ಲಿ ಬೆಲ್ಲ ಎಲ್ಲಿಂದ ಉಳಿಯಬೇಕು? "ನಾನು ಎರಡು ಅಚ್ಚು ಕೂಡಿಸೋ ಹೊತ್ತಿಗೆ ನೀನು ನಾಲ್ಕು ಅಚ್ಚು ಬೆಳೆದಿರ್ತಿದ್ದೆ" ಎಂದು ಆಮೇಲೆ ನಗುತ್ತಾ ಹೇಳುತ್ತಿದ್ದಳು.

ನಾನು ಕೋರ್ಟಿನ ಮುಂದೆ ಅರ್ಜಿ ಟೈಪು ಮಾಡುವವನಾಗಿ ಕೂತಮೇಲೆ ಮನೆಯ ಕಷ್ಟ ಹಗುರವಾಯಿತು. ಅಮ್ಮ ಮಾತ್ರ ಒಲೆ ಬಿಡಲಿಲ್ಲ. ಬಂದದ್ದಕ್ಕೆಲ್ಲ ಬೆಲ್ಲ ತಂದು, ಒಣಗಿದ ಬಾಳೆಪಟ್ಟೆಯಲ್ಲಿ ಸುತ್ತಿ, ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಜೋಡಿಸುತ್ತಿದ್ದಳು. ಆ ವರ್ಷ ಚಕ್ಕುಲಿ ಒರಳು ಒತ್ತುವಾಗ ಅವಳ ಕೈ ನಡುಗತೊಡಗಿತು. ಬರುವ ಕಾರ್ತಿಕದಲ್ಲಿ ತುಲಾಭಾರ ಮುಗಿಸಿ ಒಲೆ ಆರಿಸಿಬಿಡುತ್ತೇನೆ, ಇನ್ನು ಈ ಕೈಯಲ್ಲಿ ಆಗುವುದಿಲ್ಲ ಎಂದು ಅವಳು ಹೇಳಿದ್ದು ಆಷಾಢದ ಒಂದು ಮಧ್ಯಾಹ್ನ.

ಅಂದು ಸಂಜೆಯೇ ನನ್ನ ಹೆಂಡತಿ ವಾರಿಜ ನನ್ನನ್ನು ಹಿತ್ತಿಲಿಗೆ ಕರೆದಳು. ಅಮ್ಮ ನನ್ನ ತೂಕ ಎಷ್ಟೆಂದು ಅವಳನ್ನು ಗುಟ್ಟಾಗಿ ಕೇಳಿದ್ದಳಂತೆ. ಅಟ್ಟದ ಬೆಲ್ಲ ಕಾರ್ತಿಕದ ಹೊತ್ತಿಗೆ ಎಷ್ಟೇ ಎಳೆದರೂ ಎಪ್ಪತ್ತೈದು ಕಿಲೋ ದಾಟುವುದಿಲ್ಲವೆಂದು ಇವಳಿಗೆ ಗೊತ್ತಿತ್ತು. ಅಮ್ಮನ ಮುಖ ನೋಡಿ ನಿಜ ಹೇಳಲು ಬಾಯಿ ಬರದೆ, ಎಪ್ಪತ್ತೈದೇ ಇರಬಹುದು ಅತ್ತೆ ಎಂದುಬಿಟ್ಟಿದ್ದಳು. ನಾನು ಆಗ ಎಂಬತ್ತಾರು ಕಿಲೋ ಇದ್ದೆ.

ಕೊರತೆಯಷ್ಟು ಅಚ್ಚು ಹೊರಗಿನಿಂದ ತಂದು ಸೇರಿಸೋಣ ಎಂದೆ. ಅಮ್ಮನಿಗೆ ತನ್ನ ಒಂದೊಂದು ಅಚ್ಚಿನ ಗುರುತೂ ಗೊತ್ತು, ಅಷ್ಟೇ ಅಲ್ಲ, ಅವಳಿಗೆ ಹೀಗೆ ಮೋಸ ಮಾಡುವುದು ಬೇಡ ಎಂದು ವಾರಿಜ ಹೇಳಿದಳು. ಇಷ್ಟು ವರ್ಷ ಕೈ ಸುಟ್ಟುಕೊಂಡು ಕೂಡಿಸಿದ ಬೆಲ್ಲ ಊರವರ ಎದುರು ಸಾಲದೆ ಹೋದರೆ ಅಮ್ಮನಿಗೆ ಹೇಗಾದೀತು? ಹಾಗಾದರೆ ಉಳಿದದ್ದು ಒಂದೇ ದಾರಿ. ನಾಲ್ಕು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿಯಬೇಕು. ಮೂರು ಹೊತ್ತಿನ ಊಟದ ಹೊರತು ನಡುವೆ ಏನನ್ನೂ ಬಾಯಿಗೆ ಹಾಕುವುದಿಲ್ಲವೆಂದು ನಿರ್ಧರಿಸಿದೆ. ಅಮ್ಮನಿಗೆ ಮಾತ್ರ ಇದರ ಸುಳಿವು ಹತ್ತಬಾರದು.

ಹೇಳುವುದು ಸುಲಭ ಸ್ವಾಮಿ! ಚಕ್ಕುಲಿ ಮಾಡುವವಳ ಮನೆಯಲ್ಲಿ ಇದ್ದುಕೊಂಡು ಕುರುಕಲು ಬಿಡಬೇಕೆಂದರೆ ಅದೇನು ಹುಡುಗಾಟವೇ? ಹಗಲೆಲ್ಲ ಕೋರ್ಟಿನ ಮುಂದೆ, ನನ್ನ ಬೆನ್ನಿಗೇ ಬೋಂಡದ ಗಾಡಿ. ಸಂಜೆ ಮನೆಗೆ ಬಂದರೆ ಎಳ್ಳು, ಓಮ, ಬೆಣ್ಣೆ ಬೆರೆತ ಹಿಟ್ಟು ಎಣ್ಣೆಗೆ ಬಿದ್ದ ಘಮ ಬೀದಿಯ ತಿರುವಿನಲ್ಲೇ ಬಂದು ಮೂಗಿಗೆ ಹೊಡೆಯುತ್ತಿತ್ತು. ನಾನು ಕಾಲು ತೊಳೆದು ಕೂರುವಷ್ಟರಲ್ಲಿ ಅಮ್ಮ ಒಂದು ಸಣ್ಣ ತಟ್ಟೆಯಲ್ಲಿ ನನ್ನ ಪಾಲನ್ನು ತಂದು ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದಳು. ಮೂವತ್ತು ವರ್ಷದಿಂದ ನಡೆದು ಬಂದ ಪದ್ಧತಿ ಅದು. ನಾನು "ಬೇಡಮ್ಮ" ಎಂದೆ. ಹಸಿವಿಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ ಒಳಗೆ ಹೋದಳು. ಮಾರನೆಯ ಸಂಜೆ ಮತ್ತೆ ತಟ್ಟೆ ತಂದಳು, ನಾನು ಮತ್ತೆ ಬೇಡವೆಂದೆ. ಬೆಳಿಗ್ಗೆ ನೋಡಿದರೆ ತಟ್ಟೆ ತೊಳೆದು ಬೋರಲು ಹಾಕಿರುತ್ತಿತ್ತು. ಮಾರುವ ಡಬ್ಬಿಗೆ ವಾಪಸು ಸುರಿದಿರಬೇಕು, ಅಷ್ಟು ಬೆಲ್ಲವಾದರೂ ಹೆಚ್ಚಾಗಲಿ ಎಂದು ಸಮಾಧಾನ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಮಂಡಿಗೆ ಹೋಗಿ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ತೂಕ ಹಾಕುವ ದಾದಾಪೀರ್ ನನ್ನ ಹಳೆಯ ಗಿರಾಕಿ. ಮೊದಲ ವಾರ ಎಂಬತ್ತಾರು. ಎರಡನೆಯ ವಾರವೂ ಎಂಬತ್ತಾರು. ಮೂರನೆಯ ವಾರ ಎಂಬತ್ತಾರೂವರೆ! ಮೈಯೆಲ್ಲ ಉರಿದುಹೋಯಿತು. ಯಂತ್ರ ಕೆಟ್ಟಿದೆ ಎಂದು ಜಗಳ ತೆಗೆದೆ. ದಾದಾಪೀರ್ ಪಕ್ಕದಲ್ಲಿದ್ದ ಒಂದು ಮೂಟೆ ತೂಗಿ ತೋರಿಸಿ, "ಯಂತ್ರ ಸರಿಯಾಗೈತೆ ಸ್ವಾಮಿ, ಈ ಮೂಟೆನೇ ಒಣಗ್ತಾ ಇಲ್ಲ" ಎಂದ. ಹಮಾಲಿಗಳೆಲ್ಲ ಬಿದ್ದು ಬಿದ್ದು ನಕ್ಕರು.

ಮನೆಗೆ ಬಂದು ವಾರಿಜಳ ಮೇಲೆ ಹಾರಾಡಿದೆ. ಅವಳು ಸೊಪ್ಪು ಸೋಸುತ್ತಾ ನಿಧಾನವಾಗಿ, ಕುರುಕಲು ಬಿಟ್ಟದ್ದೇನೋ ಸರಿ, ಆದರೆ ರಾತ್ರಿ ಮೂರನೆಯ ಸಲ ಅನ್ನ ಬಡಿಸಿಕೊಂಡದ್ದು ಯಾರು ಎಂದು ಕೇಳಿದಳು. ನಿಜವೇ. ಸಂಜೆಯ ನಾಲ್ಕು ಚಕ್ಕುಲಿಯ ಸಿಟ್ಟನ್ನು ನಾನು ರಾತ್ರಿ ಸಾರನ್ನದ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅಂದಿನಿಂದ ಅನ್ನವನ್ನೂ ಕಡಿಮೆ ಮಾಡಿದೆ. ಹಸಿದ ಹೊಟ್ಟೆಯಲ್ಲಿ ಕೂತು ಟೈಪು ಮಾಡಿದರೆ ಏನಾಗುತ್ತದೆ? ಒಬ್ಬ ವಾದಿಯನ್ನು ಪ್ರತಿವಾದಿ ಮಾಡಿದೆ, ವಕೀಲರು ಕಾಗದವನ್ನು ನನ್ನ ಮುಖದ ಮೇಲೆಸೆದರು. ನಾನು ಟೈಪು ಯಂತ್ರಕ್ಕೆ ಗುದ್ದಿದೆ. ಬೋಂಡದವನಿಗೆ ಗಾಡಿ ಆಚೆ ತಳ್ಳಲು ಹೇಳಿ ಅವನ ಕೈಲಿ ಬೈಸಿಕೊಂಡೆ.

ಗೋಕುಲಾಷ್ಟಮಿ ಬಂತು. ಊರಿಗೆಲ್ಲ ಚಕ್ಕುಲಿ ಹೋಗುವುದು ನಮ್ಮ ಮನೆಯಿಂದಲೇ. ಮೂರು ದಿನ ಬಾಣಲೆ ಇಳಿಸಲಿಲ್ಲ. ಹಬ್ಬದ ದಿನವಾದರೂ ಒಂದು ತಿನ್ನು ಎಂದು ಅಮ್ಮ ತಟ್ಟೆ ಹಿಡಿದು ನಿಂತಳು. ಒಂದು ತಿಂದರೆ ಹತ್ತಕ್ಕೆ ನಿಲ್ಲುವ ಬಾಯಲ್ಲ ನನ್ನದು. ಆ ಭಯಕ್ಕೆ ಬೇಡವೆಂದರೆ ಬೇಡ ಎಂದು ಗದರಿದೆ. ಆದರೆ ಮರುವಾರವೇ ಗುಮಾಸ್ತರೊಬ್ಬರ ನಿವೃತ್ತಿಯೆಂದು ಕೋರ್ಟಿನಲ್ಲಿ ಬೋಂಡ ಹಂಚಿದಾಗ ನಾನು ಆರು ತಿಂದೆ. ತಿಂದು, ಕೈ ತೊಳೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಮ್ಮನ ಕೈಯದನ್ನು ಬೇಡವೆಂದು ಗದರಿ ಇಲ್ಲಿ ಬಂದು ಬೀದಿಯ ಬೋಂಡ ಮುಕ್ಕಿದ್ದೆ.

ನವರಾತ್ರಿಯ ಹೊತ್ತಿಗೆ ಎಂಬತ್ಮೂರಕ್ಕೆ ಬಂದೆ. ಮೂರು ತಿಂಗಳ ಉಪವಾಸಕ್ಕೆ ಮೂರು ಕಿಲೋ. ಇನ್ನು ಒಂದೇ ತಿಂಗಳು, ಎಂಟು ಕಿಲೋ ಬಾಕಿ. ಸಾಧ್ಯವಿಲ್ಲವೆಂದು ನನಗೆ ಗೊತ್ತಾಗಿಹೋಗಿತ್ತು. ಆದರೂ ಹಠಕ್ಕೆ ಬಿದ್ದವನಂತೆ ಬೇಡ, ಬೇಡ ಎನ್ನುತ್ತಲೇ ಇದ್ದೆ.

ಅಷ್ಟರಲ್ಲಿ ಒಂದು ಸಂಜೆ ತಟ್ಟೆ ತಂದಿಟ್ಟ ಅಮ್ಮನ ಕೈ ನೋಡಿದೆ. ಬಳೆಗಳು ಮೊಣಕೈವರೆಗೆ ಜಾರಿದ್ದವು. ಕುಪ್ಪಸದ ತೋಳು ಜೋಲುತ್ತಿತ್ತು. ನನ್ನ ತೂಕದ ಲೆಕ್ಕದಲ್ಲಿ ನಾನು ಅವಳನ್ನು ಕಣ್ಣೆತ್ತಿ ನೋಡಿಯೇ ಇರಲಿಲ್ಲ. ವಾರಿಜಳನ್ನು ಕೇಳಿದಾಗ ಅವಳು ತಲೆ ತಗ್ಗಿಸಿದಳು. ಅಷ್ಟಮಿಯ ಮಾರನೆಯ ದಿನದಿಂದ ಅತ್ತೆ ಒಪ್ಪೊತ್ತು ಮಾಡುತ್ತಿದ್ದಾರೆ, ರಾತ್ರಿ ಏನನ್ನೂ ಮುಟ್ಟುವುದಿಲ್ಲ, ನಿಮಗೆ ಹೇಳಬಾರದೆಂದು ಆಣೆ ಇಡಿಸಿದ್ದಾರೆ ಎಂದಳು.

ನಾನು ಅಡುಗೆಮನೆಗೆ ನುಗ್ಗಿದೆ. ಈ ವಯಸ್ಸಿನಲ್ಲಿ ಇದೆಂಥ ವ್ರತ, ಯಾರು ಹೇಳಿದ್ದು ನಿನಗೆ ಎಂದು ಕೂಗಾಡಿದೆ. ಅಮ್ಮ ಒಲೆಯ ಉರಿ ತಗ್ಗಿಸಿ, ಒರಳನ್ನು ಪಕ್ಕಕ್ಕಿಟ್ಟು, ನೆಲದ ಮೇಲೆ ಕೂತಳು.

"ನಿನಗೆ ಆಗ ಜ್ವರ ಇದ್ದದ್ದು ನಾಲ್ಕೇ ದಿನ ಕಣೋ" ಎಂದಳು. "ಜ್ವರ ಹೋಯ್ತು, ಹಸಿವು ವಾಪಸ್ ಬರಲಿಲ್ಲ. ಗಂಜಿ ತಂದರೆ ಬೇಡ, ಹಾಲು ತಂದರೆ ಬೇಡ. ಅದೊಂದೇ ಮಾತು ನಿನ್ನ ಬಾಯಲ್ಲಿ. ಎತ್ತಿಕೊಂಡರೆ ಬಟ್ಟೆ ಎತ್ತಿಕೊಂಡ ಹಾಗಿರ್ತಿದ್ದೆ. ನಾನು ದೇವರ ಹತ್ತಿರ ಬದುಕಿಸು ಅಂತ ಕೇಳ್ಲಿಲ್ಲ. ಇವನು ಒಂದೇ ಒಂದು ಸಲ ಬೇಕು ಅನ್ನಲಿ, ಇವನ ತೂಕದ ಬೆಲ್ಲ ಕೊಡ್ತೀನಿ ಅಂದೆ. ಮೂರನೇ ದಿನ ಪಕ್ಕದ ಮನೆ ಮಗು ಚಕ್ಕುಲಿ ಹಿಡಕೊಂಡು ಬಂತು. ನೀನು ಕೈ ಚಾಚಿ, ಬೇಕು ಅಂದೆ. ಆವತ್ತು ಕಲಿತದ್ದು ನಾನು ಈ ಒರಳು ಹಿಡಿಯೋದು."

ಅಮ್ಮ ಒರಳಿಗೆ ಅಂಟಿದ ಹಿಟ್ಟನ್ನು ಬೆರಳಿನಿಂದ ಕೆರೆಯುತ್ತಾ ಮುಂದುವರಿಸಿದಳು.

"ಈಗ ಮತ್ತೆ ಮೂರು ತಿಂಗಳಿಂದ ಬೇಡ, ಬೇಡ. ಹರಕೆ ತಡ ಮಾಡಿದೆ ಅಂತ ದೇವರು ನಿನ್ನ ಬಾಯಿ ಕಟ್ಟಿದಾನೆ ಅಂದ್ಕೊಂಡೆ. ಅದಕ್ಕೇ ನಾನೂ ಒಂದು ಹೊತ್ತು ಬಿಟ್ಟೆ."

ಅಯ್ಯೋ, ನನ್ನ ಬುದ್ಧಿಗಿಷ್ಟು! ಅವಳ ಹರಕೆ ಹಗುರ ಮಾಡಲು ಹೋಗಿ, ಅವಳು ಜೀವಮಾನದಲ್ಲಿ ಮತ್ತೆ ಕೇಳಬಾರದೆಂದಿದ್ದ ಆ ಒಂದೇ ಮಾತನ್ನು ನಾನು ದಿನಾ ಸಂಜೆ ಅವಳ ಮುಖಕ್ಕೆ ಹೇಳಿದ್ದೆ. ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಎಂಬತ್ತಾರು, ಎಪ್ಪತ್ತೈದು, ವಾರಿಜಳ ಸುಳ್ಳು, ಮಂಡಿಯ ಯಂತ್ರ, ಕೊನೆಗೆ ಆ ಆರು ಬೋಂಡವನ್ನೂ ಬಿಡಲಿಲ್ಲ. ಅಮ್ಮನಿಗೆ ಸಮಾಧಾನವಾದೀತು ಎಂದುಕೊಂಡರೆ, ಅವಳಿಗೆ ಬಂದದ್ದು ಸಿಟ್ಟು.

"ನನ್ನ ಮಗನ್ನ ಕೆತ್ತಿ ಸಣ್ಣ ಮಾಡಿ ದೇವರ ಮುಂದೆ ಕೂರಿಸೋಕೆ ಹೊರಟಿದ್ಯಾ? ಬೆಲ್ಲ ಕಡಿಮೆಯಾದರೆ ಅದು ನನ್ನ ಕಷ್ಟ. ಮಗ ಕಡಿಮೆಯಾಗಬಾರದು."

ಅಂದು ರಾತ್ರಿ ಇಬ್ಬರೂ ಒಟ್ಟಿಗೆ ಕೂತು ಉಂಡೆವು. ಮರುದಿನದಿಂದ ಕಿಟಕಿ ಕಟ್ಟೆಯ ತಟ್ಟೆಯನ್ನು ನಾನೇ ಖಾಲಿ ಮಾಡತೊಡಗಿದೆ. ಬೆಲ್ಲದ ಕೊರತೆಗೆ ಏನು ಮಾಡುತ್ತೀ ಎಂದು ಎರಡು ಸಲ ಕೇಳಿದೆ. ನೋಡೋಣ ಎಂದಳು, ಅಷ್ಟೇ. ನನಗಂತೂ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ.

ಕಾರ್ತಿಕದ ಆ ಸೋಮವಾರ ಅರ್ಚಕರಾದ ಶೇಷಭಟ್ಟರು ಇಬ್ಬರನ್ನು ಕರೆದು ಗುಂಡುಕಲ್ಲನ್ನು ಎತ್ತಿಸಿ ಕಂಬದ ಬುಡಕ್ಕೆ ಇಡಿಸಿದರು. ನಾನು ಪಂಚೆ ಸರಿಮಾಡಿಕೊಂಡು ಆ ತಟ್ಟೆಯಲ್ಲಿ ಕೂತೆ. ಅಮ್ಮ ಒಂದೊಂದೇ ಅಚ್ಚನ್ನು ಕಣ್ಣಿಗೊತ್ತಿಕೊಂಡು ಎದುರು ತಟ್ಟೆಯಲ್ಲಿ ಜೋಡಿಸಿದಳು. ಮೂವತ್ತು, ಐವತ್ತು, ಎಪ್ಪತ್ತು. ಕೊನೆಯ ಅಚ್ಚೂ ಏರಿತು. ನನ್ನ ತಟ್ಟೆ ನೆಲ ಬಿಡಲಿಲ್ಲ. ಮಂಟಪದಲ್ಲಿ ನೆರೆದಿದ್ದವರು ಮುಖ ಮುಖ ನೋಡಿಕೊಂಡರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ. ಭಟ್ಟರು ಮೆಲ್ಲನೆ, ಉಗ್ರಾಣದಲ್ಲಿ ದೇವಸ್ಥಾನದ ಬೆಲ್ಲವಿದೆ, ಸೇರಿಸಿಬಿಡೋಣ ಎಂದರು. ಅಮ್ಮ ತಲೆಯಾಡಿಸಿ ವಾರಿಜಳ ಕಡೆ ನೋಡಿದಳು.

ವಾರಿಜ ಕಂಬದ ಹಿಂದಿನಿಂದ ಎರಡು ದೊಡ್ಡ ತಗಡಿನ ಡಬ್ಬಗಳನ್ನು ಎಳೆದು ತಂದಳು. ಅಮ್ಮ ಒಂದರ ಮುಚ್ಚಳ ತೆಗೆದಳು. ಕಮಟು ಎಣ್ಣೆಯ ವಾಸನೆ ಮಂಟಪವನ್ನೆಲ್ಲ ತುಂಬಿತು. ಒಳಗೆ ಸಣ್ಣ ಸಣ್ಣ ಕಾಗದದ ಪೊಟ್ಟಣಗಳು, ಒಂದೊಂದರಲ್ಲೂ ನಾಲ್ಕು ಚಕ್ಕುಲಿ, ಎರಡು ನಿಪ್ಪಟ್ಟು, ಒಂದು ಹಿಡಿ ಕೋಡುಬಳೆ. ನಾನು ಬೇಡವೆಂದ ಒಂದೊಂದು ಸಂಜೆಯದೂ ಅಲ್ಲಿತ್ತು. ಅವಳು ಅದನ್ನು ಮಾರಿರಲಿಲ್ಲ, ಬಿಸಾಡಿರಲೂ ಇಲ್ಲ.

"ಅಮ್ಮಾ, ಇದು ಕರಿದದ್ದು, ಅದೂ ಹಳೆಯದು. ನೈವೇದ್ಯಕ್ಕೆ ಬರೋದಿಲ್ಲ" ಎಂದರು ಭಟ್ಟರು.

"ನೈವೇದ್ಯಕ್ಕಲ್ಲ ಭಟ್ಟರೇ, ತೂಕಕ್ಕೆ" ಎಂದಳು ಅಮ್ಮ. "ಇದೂ ನನ್ನ ಕೈದೇ ದುಡಿಮೆ. ಇಷ್ಟು ತೂಕದ ಬೆಲ್ಲವನ್ನ ನಾನು ಬದುಕಿರೋ ಅಷ್ಟರಲ್ಲಿ ತಂದು ಒಪ್ಪಿಸ್ತೀನಿ. ಇವತ್ತು ನನ್ನ ಮಗ ಮೇಲೇಳೋದನ್ನ ನೋಡಬೇಕು."

ಭಟ್ಟರು ಒಂದು ಸಲ ಗರ್ಭಗುಡಿಯ ಕಡೆ ತಿರುಗಿ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮೊದಲ ಡಬ್ಬ ಇಟ್ಟಾಗ ಸರಪಳಿ ಕಿರ್ರೆಂದಿತು, ಅಷ್ಟೇ. ಎರಡನೆಯದನ್ನು ಇಟ್ಟಾಗ ನನ್ನ ಕೆಳಗಿನ ನೆಲ ಮೆತ್ತಗೆ ಬಿಟ್ಟುಹೋಯಿತು. ತಟ್ಟೆಯ ಸಮೇತ ಒಂದು ಗೇಣು ಮೇಲೇರಿದೆ. ನನ್ನ ಬಳಿ ಬಂದು ಬಗ್ಗಿದ ಅಮ್ಮನ ಮುಖ ನನ್ನ ಮುಖದ ಸಮಕ್ಕೆ ಬಂತು. ಅವಳ ಕಣ್ಣು ತುಂಬಿ ಹರಿಯುತ್ತಿತ್ತು, ನನ್ನದೂ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು" ಎಂದಳು. ಸೆರಗಿನ ಗಂಟು ಬಿಚ್ಚಿ, ಅಂದು ಮುಂಜಾನೆ ಮಾಡಿದ ಒಂದು ಚಕ್ಕುಲಿ ತೆಗೆದಳು. "ಬೇಕಾ?"

"ಬೇಕು" ಎಂದೆ.

ಅದನ್ನು ಬಾಯಿಗಿಟ್ಟು ಮುರಿದಾಗ ನನ್ನ ತಟ್ಟೆ ಒಂದಿಷ್ಟು ಕೆಳಗೆ ಇಳಿದಂತಾಯಿತು. ಅಮ್ಮ ಅತ್ತ ಸರಿದು, ಆ ನಡುಗುವ ಅಂಗೈಯನ್ನು ಡಬ್ಬದ ಮೇಲಿಟ್ಟು, ಒರಳು ಒತ್ತುವವಳ ಹಾಗೆ ಭಾರ ಬಿಟ್ಟು ಒತ್ತಿ ಹಿಡಿದಳು.