ಹೊನ್ನೆಣ್ಣೆ ಒರೆಸುವ ಕಂಬ

ಹಳೆಯ ಪಂಚೆಯ ತುಂಡನ್ನು, ದೋಣಿಗೆ ಹಚ್ಚುವ ಹೊನ್ನೆಣ್ಣೆಯಲ್ಲಿ ಅದ್ದಿ ನಾನು ನಡುಮನೆಯ ಕಂಬ ಒರೆಸುತ್ತಿದ್ದೆ. ಬಾಗಿಲ ಬದಿಯಲ್ಲಿ ಕುಳಿತ ಅಮ್ಮಮ್ಮ ನೋಡುತ್ತಿದ್ದಳು. ಇಬ್ಬರೂ ಮಾತಾಡಲಿಲ್ಲ. ವರ್ಷಕ್ಕೊಮ್ಮೆ, ನೂಲ ಹುಣ್ಣಿಮೆಯಲ್ಲಿ ಗಂಡಸರು ಕಡಲಿಗೆ ಹಾಲೆರೆಯಲು ಹೋಗುವ ಮೊದಲು, ಈ ಒಂದು ಕಂಬಕ್ಕೆ ಮಾತ್ರ ಎಣ್ಣೆ. ಬಟ್ಟೆ ಕಂಬದ ಮೇಲಿರುವಷ್ಟು ಹೊತ್ತು ಮನೆಯಲ್ಲಿ ಯಾರೂ ಬಾಯಿ ತೆರೆಯಬಾರದು. ಯಾಕೆಂದು ಅಮ್ಮಮ್ಮನಿಗೂ ಗೊತ್ತಿರಲಿಲ್ಲ. ಅವಳಿಗೆ ಅವಳ ಅತ್ತೆ ಹೇಳಿದ್ದು ಅಷ್ಟೇ.

ನನಗೆ ಅದು ಕಷ್ಟವಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಸಿಗಡಿ ಸುಲಿಯಲು ಹೋದವಳು ನಾನು. ಮಾತು ಮೊದಲೇ ಕಡಿಮೆ.

ಅದು ಆ ಕಂಬಕ್ಕೆ ಕೊನೆಯ ಎಣ್ಣೆ. ಮಳೆ ಬಿಟ್ಟ ಕೂಡಲೇ ಮನೆ ಬಿಚ್ಚಿ ಸಿಮೆಂಟು ಸ್ಲ್ಯಾಬಿನ ತೆರ್ಸು ಮನೆ ಕಟ್ಟುವುದೆಂದು ಅಣ್ಣ ಶೇಖರ ನಿಶ್ಚಯಿಸಿದ್ದ. ಮಾಡು ಸೋರುತ್ತಿತ್ತು, ಅವನದು ತಪ್ಪೆನ್ನುವಂತಿಲ್ಲ. ಮರವನ್ನೆಲ್ಲ ಹಾಲಾಡಿಯ ಮಿಲ್ಲಿಗೆ ಹೇಳಿಯಾಗಿತ್ತು.

ನಾನು ಬಟ್ಟೆ ಕೆಳಗಿಟ್ಟ ಮೇಲೆ ರಮ್ಯಶ್ರೀ ಅಕ್ಕ ಒಳಗೆ ಬಂದರು. ಬ್ರಹ್ಮಾವರದವರು, ಮೈಸೂರಿನಲ್ಲಿ ಹಳೆಯ ಕಟ್ಟಡಗಳ ಮೇಲೆ ದೊಡ್ಡ ಓದು ಓದುತ್ತಿದ್ದರು. ಬಿಚ್ಚುವ ಮೊದಲು ನಮ್ಮ ಮನೆಯನ್ನು ಅಳೆದು ಚಿತ್ರ ಬರೆದುಕೊಳ್ಳುತ್ತೇನೆ ಎಂದಿದ್ದರು. ಗಂಗೊಳ್ಳಿಯ ಇಷ್ಟು ಮನೆಗಳ ನಡುವೆ ಅವರಿಗೆ ಈ ಮನೆಯಲ್ಲೇ ಏನು ಕಂಡಿತೋ ಎಂದು ನನಗೆ ಆಶ್ಚರ್ಯ. ಟೇಪಿನ ಒಂದು ತುದಿ ನಾನು ಹಿಡಿದೆ. ಅವರು ಗೋಡೆಯನ್ನು ಹಸ್ತದಿಂದ ಸವರಿ ನೋಡುತ್ತಿದ್ದರು, ಕೂಸಿಗೆ ಜ್ವರ ಇದೆಯಾ ಎಂದು ನೋಡುವ ಹಾಗೆ.

ಸ್ವಲ್ಪ ಹೊತ್ತಿನ ಮೇಲೆ ಅಟ್ಟದಿಂದ ಕರೆದರು.

"ಪೂಜಿತಾ, ಬೇಗ ಬಾ. ಇದನ್ನ ಕಾಣ್."

ಕಂಬ ಅಟ್ಟವನ್ನು ದಾಟಿ ಮಾಡಿನವರೆಗೂ ಹೋಗುತ್ತಿತ್ತು, ಎಲ್ಲೂ ಜೋಡಣೆಯಿಲ್ಲದ ಒಂದೇ ಮರ. ಮೇಲೆ ಹೋದಂತೆ ಸಪೂರ. ಅಕ್ಕ ತುದಿಯ ಮಸಿ ಒರೆಸಿ ಟಾರ್ಚ್ ಹಿಡಿದರು. ಅಲ್ಲಿ ಮರವನ್ನು ಕೊರೆದು ಮಾಡಿದ ಉದ್ದನೆಯ ಕಂಡಿ, ಅದರ ಅಂಚಿನಲ್ಲಿ ಆಳವಾದ ಗೀರುಗಳು.

"ಇಲ್ಲಿ ರಾಟೆ ಇತ್ತ್. ಗೀರೆಲ್ಲ ಹಗ್ಗ ತಿಂದದ್ದ್. ಇದ್ ಮನೆಗಂತ ಮಾಡಿದ ಕಂಬ ಅಲ್ಲ. ಮಂಜಿಯ ಹಾಯಿಕಂಬ."

ಮಂಜಿಯೆಂದರೆ ಹಂಚು, ಅಕ್ಕಿ ಹೇರಿಕೊಂಡು ಹಾಯಿ ಬಿಚ್ಚಿ ಬೊಂಬಾಯಿಗೆ ಹೋಗುತ್ತಿದ್ದ ದೊಡ್ಡ ಮರದ ಹಡಗು. ಹೆಸರು ಕೇಳಿದ್ದೆ, ಕಂಡಿರಲಿಲ್ಲ.

ಗೀರಿನೊಳಗೆ ಬೆರಳಿಟ್ಟೆ. ಒಳಗೆ ಶಂಖದಷ್ಟು ನುಣುಪು. ಹಗ್ಗ ಮೆದು, ಮರ ಗಟ್ಟಿ. ಮರ ಇಷ್ಟು ಸವೆಯಬೇಕಾದರೆ ಎಷ್ಟು ಸಲ ಹಾಯಿ ಏರಿರಬೇಕು, ಎಷ್ಟು ಕೈಗಳು ಎಳೆದಿರಬೇಕು! ಇದಕ್ಕೆ ಒರಗಿ ಉಂಡಿದ್ದೆ, ಜ್ವರದಲ್ಲಿ ಇದರ ಬುಡದಲ್ಲಿ ಮಲಗಿದ್ದೆ. ನನ್ನ ಕೈ ಎಟಕುವಷ್ಟು ಮಾತ್ರ ಅದು ಮನೆಯ ಕಂಬ. ಅಲ್ಲಿಂದ ಮೇಲೆ ಅದು ಕಡಲಿನದು. ಅಟ್ಟದ ಹಲಗೆಯ ಮೇಲೆ ಕುಳಿತುಬಿಟ್ಟೆ.

ಕೆಳಗೆ ಬಂದು ಹೇಳಿದಾಗ ಅಮ್ಮಮ್ಮ ಕಂಬದ ಮೇಲೆ ಅಂಗೈ ಇಟ್ಟಳು.

"ನನ್ನ ಮಾವನ ಅಪ್ಪಯ್ಯ, ಬಚ್ಚ ತಾಂಡೇಲ್ರ್, ಮಂಜಿ ನಡ್ಸ್ಕಂಡ್ ಹೋದವ್ರ್ ವಾಪಸ್ ಬರ್ಲಿಲ್ಲ ಅಂಬ್ರ್. ಮಂಜಿಯ ಮರ ಮಾತ್ರ ವಾಪಸ್ ಬಂತ್ ಅಂತ ನಂಗ್ ಯಾರೂ ಹೇಳ್ಲಿಲ್ಲ."

"ಇದ್ ಅದೇ ಮಂಜಿದ್ ಅಂತ ನಾ ಬರಿಯೂಕ್ ಆತಿಲ್ಲ ಅಮ್ಮ. ಹಾಯಿಕಂಬ ಅಂಬುದ್ ಮಾತ್ರ ಖಂಡಿತ."

"ನೀ ಬರಿಬೇಡ ಮಗಾ. ನಂಗ್ ಸಾಕ್."

ಸಂಜೆ ಅಣ್ಣ ಬಂದು ಅಟ್ಟ ಹತ್ತಿ ನೋಡಿ ನಗುತ್ತಾ ಇಳಿದ.

"ಹ್ವಾಯ್, ನಾವ್ ಇಷ್ಟ್ ವರ್ಷ ಮಂಜಿ ಒಳ್ಗೆ ಮಲ್ಕಂಡದ್ದಾ? ಅದ್ಕೇ ಮಾರಾಯ್ತಿ, ಮಳೆ ಬಂದ್ರೆ ಒಳ್ಗೆ ನೀರ್ ಬಪ್ಪುದ್!"

ರಮ್ಯಶ್ರೀ ಅಕ್ಕನೂ ನಕ್ಕರು. ಅಣ್ಣ ಜೇಬಿನಿಂದ ಮೊಬೈಲ್ ತೆಗೆದ.

"ಹಾಂಗಾರೆ ಇದನ್ನ ಮಿಲ್ಲಿಗೆಂತಕ್ಕೆ ಕೊಡುದ್? ಬೈಂದೂರ್ ಬದಿ ಕಡ್ಲ್ ಕರೆಗೆ ಹೋಟ್ಲ್ ಕಟ್ತಿದ್ರಲ್ಲ, ಅವ್ರ್ ಇಂಥದ್ದೇ ಹುಡ್ಕುದ್. ಬಾಗ್ಲ್ ಎದ್ರ್ ನಿಲ್ಸ್ತ್ರ್ ಕಾಣಿ!"

ಅಕ್ಕನ ಮುಖ ಸಣ್ಣದಾಯಿತು. "ನಾ ಹೇಳಿದ್ದ್ ಅದಕ್ಕಲ್ಲ ಶೇಖರಣ್ಣ."

"ಗೊತ್ತಿತ್ತ್ ಅಕ್ಕ. ಆದ್ರೆ ತೆರ್ಸ್ ಮನೆಗೆ ಇದನ್ನ ಎಲ್ಲ್ ಇಡುದ್? ಸ್ಲ್ಯಾಬ್ ದಾಟಿ ಮೇಲ್ ಹೋತ್ತ್."

ಅವನು ನಂಬರು ಹುಡುಕತೊಡಗಿದ. ಅಮ್ಮಮ್ಮ ಎದ್ದಳು. ನಾನು ಬೆಳಿಗ್ಗೆ ಇಟ್ಟ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಕಂಬದ ಮೇಲಿಟ್ಟಳು. ಒಂದೇ ದಿನ ಎರಡು ಸಲ ಒರೆಸಿದ್ದನ್ನು ನಾನು ಕಂಡದ್ದಿಲ್ಲ.

ಅಣ್ಣನ ಬಾಯಿ ತಾನಾಗಿಯೇ ಮುಚ್ಚಿತು. ಕೈಯಲ್ಲಿ ಮೊಬೈಲ್ ಬೆಳಗುತ್ತಿತ್ತು, ಒತ್ತಲಿಲ್ಲ. ಅಕ್ಕ ಪೆನ್ಸಿಲ್ ಕೆಳಗಿಟ್ಟರು. ಬಟ್ಟೆ ಮರದ ಮೇಲೆ ಜಾರುವ ಸದ್ದು ಮಾತ್ರ. ಆ ಹೊತ್ತಿನಲ್ಲಿ ಮಾತಾಡಬಾರದೆಂದು ನನಗೂ ಗೊತ್ತಿತ್ತು. ಆದರೂ ಬಾಯಿ ತೆರೆದೆ.

"ಅಣ್ಣ, ಹೊಸ ಮನೆ ಇದ್ರ ಸುತ್ತ ಕಟ್ಟ್. ಸ್ಲ್ಯಾಬಿಗೆ ಒಂದ್ ಕಂಡಿ ಬಿಡ್."

ಅಮ್ಮಮ್ಮ ಒರೆಸುತ್ತಲೇ ಇದ್ದಳು. ಅಣ್ಣ ಮೊಬೈಲ್ ಜೇಬಿಗೆ ಹಾಕಿ, ಕಂಬ ಅಟ್ಟ ದಾಟುವ ಜಾಗವನ್ನು ತಲೆಯೆತ್ತಿ ನೋಡಿದ.