ಫೋನು ಮಾಡಿದರೆ ಹೇಳಬೇಕಾದದ್ದು

ಕತೆಗಾರನ ತಲೆಯಲ್ಲಿ ಎರಡು ವರ್ಷದಿಂದ ಒಂದು ಸಾಲೂ ಹುಟ್ಟಿರಲಿಲ್ಲ. ಹಾಗೆಂದು ಬಾಯಿಬಿಡುವಂತಿರಲಿಲ್ಲ, ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ ಕತೆಗಾರ ಎಂದು. ಹೊಸದೇನು ಎಂದು ಯಾರಾದರೂ ಕೇಳಿದರೆ, "ದೊಡ್ಡದೊಂದು ನಡೀತಿದೆ" ಎಂದು ಜಾರಿಕೊಳ್ಳುತ್ತಿದ್ದ. ನಡೆಯುತ್ತಿದ್ದವನು ಅವನೊಬ್ಬನೇ, ಅದೂ ಮನೆಯಿಂದ ಅಕ್ಕನ ಹೊಲಿಗೆ ಅಂಗಡಿಯವರೆಗೆ. ಅಲ್ಲಿ ಮೂಲೆಯ ಸ್ಟೂಲಿನ ಮೇಲೆ ಕೂತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ.

ಅಕ್ಕ ಹಳೆಯ ಬಟ್ಟೆ ಸರಿಮಾಡುವುದರಲ್ಲಿ ಎತ್ತಿದ ಕೈ. ಕತ್ತರಿ ಹಿಡಿಯುವ ಮೊದಲು ಜೇಬುಗಳನ್ನು ತಡವಿ, ಸಿಕ್ಕಿದ್ದನ್ನು ಕಣ್ಣೆತ್ತಿಯೂ ನೋಡದೆ ಲಕೋಟೆಗೆ ಹಾಕಿ, ರಸೀದಿ ನಂಬರು ಬರೆದು, ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಒಂದು ಚೀಟಿಯನ್ನೂ ಬಿಡಿಸಿ ಓದಿದವಳಲ್ಲ. ಬೀದಿಯವರು ಅವಳ ಬಳಿಗೇ ಬರುತ್ತಿದ್ದದ್ದು ಹೊಲಿಗೆಗೆಷ್ಟೋ ಈ ನಂಬಿಕೆಗೂ ಅಷ್ಟೇ.

ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಾಗ ಕತೆಗಾರ ಡಬ್ಬಿ ತೆಗೆದ. ಒಂದೇ ಒಂದು, ಸುಮ್ಮನೆ ಕಿಡಿ ಹತ್ತಲಿ ಅಂತ, ಎಂದು ತನಗೆ ತಾನೇ ಸಬೂಬು ಹೇಳಿಕೊಂಡ. ಕೈಗೆ ಸಿಕ್ಕಿದ ಲಕೋಟೆ, ರಸೀದಿ ಪುಸ್ತಕದ ಪ್ರಕಾರ, ಒಬ್ಬ ನರ್ಸಿನದು. ತೀರಿಹೋದ ಅಪ್ಪನ ಕೋಟನ್ನು ತನ್ನ ಅಳತೆಗೆ ಮಾಡಿಕೊಡಿ ಎಂದು ಅವಳು ಕೊಟ್ಟುಹೋಗಿದ್ದಳು. ಒಳಗಿದ್ದ ಚೀಟಿಯಲ್ಲಿ ನಡುಗುವ ಅಕ್ಷರ:

"ಮಗಳು ಫೋನು ಮಾಡಿದರೆ ಹೇಳಬೇಕಾದದ್ದು. ಒಂದು, ಮಂಡಿನೋವು ಕಡಿಮೆ. ಎರಡು, ಅವತ್ತು ಬೈದದ್ದು ನನ್ನದೇ ತಪ್ಪು. ಮೂರು, ಹಲ್ಲಿನ ಸೆಟ್ಟು ಕಳೆದದ್ದು ಹೇಳುವುದು ಬೇಡ. ನಾಲ್ಕು, ಬಾ ಅಂತ ಒತ್ತಾಯ ಮಾಡಬಾರದು."

ಅವನ ಎದೆ ಝಲ್ಲೆಂದಿತು. ನಾಚಿಕೆಯಿಂದಲ್ಲ, ಆಸೆಯಿಂದ. ಪಟ್ಟಿ ಬರೆದುಕೊಂಡು ಚೀಟಿಯನ್ನು ಲಕೋಟೆಗೇ ಮರಳಿಸಿದ. ಸಂಜೆಯೊಳಗೆ ಕತೆ ಮುಗಿಯಿತು. ಕೊನೆಯಲ್ಲಿ ಮಗಳು ಫೋನು ಮಾಡುತ್ತಾಳೆ, ಅಪ್ಪ ನಾಲ್ಕನ್ನೂ ಮರೆತು ಬಿಕ್ಕುತ್ತಾನೆ. ಪಟ್ಟಿಯಲ್ಲಿ ಒಂದಕ್ಷರವನ್ನೂ ಅವನು ಬದಲಿಸಲಿಲ್ಲ. ಅದಕ್ಕಿಂತ ಚೆನ್ನಾಗಿ ಬರೆಯುವುದು ಅವನಿಂದಾಗುತ್ತಿರಲಿಲ್ಲ.

ಕತೆ ವಾರಪತ್ರಿಕೆಯಲ್ಲಿ ಬಂತು. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪತ್ರಿಕೆಯನ್ನು ಮಿಷನ್ನಿನ ಪಕ್ಕದಲ್ಲೇ ಇಟ್ಟುಕೊಂಡು ಬಂದವರಿಗೆಲ್ಲ ಓದಿಸಿದಳು.

ಅಪ್ಪನ ಕೋಟು ನೋಡಲು ಧೈರ್ಯ ಸಾಲದೆ ಎರಡು ತಿಂಗಳು ತಡಮಾಡಿದ ನರ್ಸ್ ಕೊನೆಗೊಂದು ಬೆಳಗ್ಗೆ ಬಂದಳು.

"ಕೂತ್ಕೊಳ್ಳಿ, ಇಸ್ತ್ರಿ ಎಳೆದು ಕೊಡ್ತೀನಿ. ಅಷ್ಟರಲ್ಲಿ ಇದನ್ನ ಓದಿ, ನನ್ನ ತಮ್ಮ ಬರೆದಿದ್ದು," ಎಂದಳು ಅಕ್ಕ.

"ಅವರಿಗೆ ಹೊತ್ತಿದೆಯೋ ಇಲ್ವೋ, ಬಿಡಕ್ಕ," ಎಂದ ಕತೆಗಾರ. ಪತ್ರಿಕೆಯನ್ನು ಎತ್ತಿಡಲು ಕೈ ಚಾಚಿದ.

"ನೀನು ಸುಮ್ನಿರು, ಸಂಕೋಚದ ಮುದ್ದೆ."

ನರ್ಸ್ ಓದಿದಳು. ಕಣ್ಣೊರೆಸಿಕೊಂಡಳು. "ನಮ್ಮಪ್ಪನೂ ಥೇಟ್ ಹೀಗೇ," ಎಂದಳು. ಅಕ್ಕ ಕೋಟಿನ ಜೊತೆ ಲಕೋಟೆಯನ್ನೂ ಕೊಟ್ಟಳು. "ಜೇಬಲ್ಲಿತ್ತು."

ನರ್ಸ್ ಚೀಟಿ ಬಿಡಿಸಿದಳು. ಚೀಟಿ ನೋಡಿದಳು, ಪತ್ರಿಕೆ ನೋಡಿದಳು, ಮತ್ತೆ ಚೀಟಿ ನೋಡಿದಳು. ಅಪ್ಪ ತನಗಾಗಿ ಬರೆದಿಟ್ಟ ಮಾತನ್ನು ಅವಳಿಗಿಂತ ಮೊದಲು ಊರೇ ಓದಿತ್ತು.

"ನಾನು ಫೋನ್ ಮಾಡ್ಲೇ ಇಲ್ಲ," ಎಂದಳು ಮೆಲ್ಲಗೆ. "ಇದನ್ನ ಯಾರು ಓದಿದ್ದು?"

ಕತೆಗಾರ ಬಿಸ್ಕತ್ತಿನ ಡಬ್ಬಿಯತ್ತ ನೋಡಿ ತಲೆ ತಗ್ಗಿಸಿದ. ಅಕ್ಕ ಒಮ್ಮೆ ಅವನ ಮುಖ ನೋಡಿದಳು, ಅವಳಿಗೆ ಅಷ್ಟೇ ಸಾಕಾಯಿತು.

"ನಾನೇ," ಎಂದಳು. "ನಾನೇ ಓದಿ ಇವನಿಗೆ ಹೇಳ್ದೆ. ತಪ್ಪಾಯ್ತಮ್ಮ."

"ನೀವು ಅಂಥೋರಲ್ಲ ಅಂದ್ಕೊಂಡಿದ್ದೆ," ಎಂದು ನರ್ಸ್ ಕೋಟನ್ನು ಎದೆಗೊತ್ತಿಕೊಂಡು ಇಳಿದುಹೋದಳು.

ಅಕ್ಕ ಸೂಜಿಗೆ ದಾರ ಪೋಣಿಸಲು ಹೋದಳು. ಎರಡು ಸಲ ತಪ್ಪಿತು.

"ಯಾಕಕ್ಕ ಹಾಗಂದೆ?"

"ಕತೆಗಾರ ಅನ್ನೋ ಹೆಸರು ಬಿಟ್ರೆ ನಿಂಗೆ ಬೇರೇನಿದೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವನು ನಾಚಿಕೆಯಿಂದ ಕುಗ್ಗಿಹೋದ.

ಪಕ್ಕದಲ್ಲಿ ಖಾಲಿ ರಸೀದಿ ಪುಸ್ತಕವಿತ್ತು. ಒಂದು ಹಾಳೆ ಹರಿದು, ಮುಚ್ಚಳ ಕಚ್ಚದೆ ಬರೆದ: "ನರ್ಸ್ ಸಿಕ್ಕರೆ ಹೇಳಬೇಕಾದದ್ದು. ಒಂದು, ಓದಿದವನು ನಾನು, ಅಕ್ಕನಲ್ಲ."

ಎರಡು ವರ್ಷದಲ್ಲಿ ಅವನದೇ ಆದ ಮೊದಲ ಸಾಲು ಅದು. ಎರಡನೆಯದಕ್ಕೆ ಕಾಯದೆ ಚಪ್ಪಲಿ ಮೆಟ್ಟಿ, ನರ್ಸ್ ಹೋದ ದಿಕ್ಕಿಗೆ ಓಡಿದ.