ಫೋನಿನಲ್ಲಿ ಜಾಗ ಸಿಗದವರು

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಡಿಸೈನರ್ ಬೆಳಗಿನಿಂದ ಒಂದೇ ಫೋಟೊ ಕತ್ತರಿಸುತ್ತ ಕುಳಿತಿದ್ದ. ಆಸ್ಪತ್ರೆಯ ವೆಬ್‌ಸೈಟ್ ತೆರೆದ ಕೂಡಲೇ ಮೊದಲ ಪುಟದ ಹಿನ್ನೆಲೆಯಲ್ಲಿ ಕಾಣಬೇಕಾದ ಫೋಟೊ ಅದು. ನಲವತ್ತು ಜನ ಸಿಬ್ಬಂದಿ ಕಟ್ಟಡದ ಮುಂದೆ ಒಂದೇ ಸಾಲಿನಲ್ಲಿ ನಿಂತಿದ್ದರು. ನಿಲ್ಲಿಸಿದವರು ಆಡಳಿತಾಧಿಕಾರಿ. ನಡುವೆ ತಾವು, ಅಕ್ಕಪಕ್ಕ ಡಾಕ್ಟರುಗಳು, ಆಮೇಲೆ ನರ್ಸುಗಳು, ಹೀಗೆ ಹುದ್ದೆ ಇಳಿದಂತೆ ಜನ ಅಂಚಿಗೆ ಸರಿಯುತ್ತ ಹೋಗಿ, ಒಂದು ತುದಿಯಲ್ಲಿ ಕಾವಲುಗಾರ, ಇನ್ನೊಂದು ತುದಿಯಲ್ಲಿ ನೆಲ ಒರೆಸುವ ಆಯಾ. ಸಾಕ್ಷಾತ್ ದೇವರೇ ಬಂದು ನಿಲ್ಲಿಸಿದ್ದರೂ ಮೇಲು ಕೀಳು ಇಷ್ಟು ಚೊಕ್ಕಟವಾಗಿ ವಿಂಗಡವಾಗುತ್ತಿರಲಿಲ್ಲ.

ಡಿಸೈನರ್ ಮೂರು ಅಳತೆಯಲ್ಲಿ ಫೋಟೊ ಸಿದ್ಧಪಡಿಸಿದ. ದೊಡ್ಡ ಮಾನಿಟರಿಗೆ ನಲವತ್ತೂ ಜನ. ಲ್ಯಾಪ್‌ಟಾಪಿಗೆ ಇಪ್ಪತ್ತು. ಫೋನಿಗೆ ಆಡಳಿತಾಧಿಕಾರಿ, ಇಬ್ಬರು ಸರ್ಜನ್ನರು, ಮತ್ತು ಯಾರದೋ ಒಂದು ಭುಜ. ಫೋನಿನವರ ಬಗ್ಗೆ ಅವನಿಗೆ ಮೊದಲಿನಿಂದಲೂ ತಾತ್ಸಾರ. ಒಡೆದ ಗಾಜಿನ ಫೋನು ಹಿಡಿದು ಬರುವ ಜನಕ್ಕೆ ಹಿನ್ನೆಲೆ ಹೇಗಿದ್ದರೇನು, ನಮಗೆ ಬೇಕಾದವರು ದೊಡ್ಡ ಪರದೆಯಲ್ಲೇ ನೋಡುತ್ತಾರೆ ಎಂದು ಜೊತೆಯವರೆದುರು ಮೂಗು ಮುರಿದಿದ್ದ.

ಫೋಟೊ ವೆಬ್‌ಸೈಟಿಗೆ ಏರಿದ ಮೂರನೆಯ ದಿನ ಆಯಾ ಅವನ ಕೋಣೆಯ ಬಾಗಿಲಿಗೆ ಬಂದಳು. ಇಪ್ಪತ್ತೆರಡು ವರ್ಷ ವಾರ್ಡುಗಳ ನೆಲ ಒರೆಸಿದವಳು, ತಿಂಗಳ ಕೊನೆಗೆ ಕೆಲಸ ಬಿಡುವವಳಿದ್ದಳು. ಆಸ್ಪತ್ರೆಯ ಫೋಟೊದಲ್ಲಿ ತಾನಿದ್ದೇನೆಂದು ಬೀದಿಗೆಲ್ಲ ಹೇಳಿಕೊಂಡಿದ್ದಳು. ಮಗಳ ಮನೆಯಲ್ಲಿ ಫೋನು ತೆರೆದು ನೋಡಿದರೆ ಫೋಟೊದಲ್ಲಿ ತಾನೇ ಇಲ್ಲ. ಆಸ್ಪತ್ರೆಯಲ್ಲಿ ಅತ್ತೆಯನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ, ಸುಮ್ಮನೆ ಬಡಾಯಿ ಎಂದು ಅಳಿಯ ನಕ್ಕನಂತೆ. ಮೊಮ್ಮಗಳೂ ನಕ್ಕಳಂತೆ. ಅಳಿಯನ ನಗು ಹೇಗೋ ಸಹಿಸಿದ್ದಳು, ಮೊಮ್ಮಗಳ ನಗು ಮಾತ್ರ ನುಂಗಲಾರದ ತುತ್ತಾಗಿತ್ತು.

ಡಿಸೈನರ್ ಗಡಿಯಾರ ನೋಡುತ್ತಲೇ ವಿವರಿಸಿದ. ಫೋನಿನ ಪರದೆ ಚಿಕ್ಕದು, ಅಂಚಿನಲ್ಲಿದ್ದವರು ಹೋಗುತ್ತಾರೆ, ಅದರಲ್ಲಿ ಯಾರ ತಪ್ಪೂ ಇಲ್ಲ.

“ಪರದೆ ಚಿಕ್ಕದಾದ್ರೆ ನಾವೇ ಯಾಕಪ್ಪ ಹೋಗ್ಬೇಕು?” ಎಂದಳು ಆಯಾ. “ದೊಡ್ಡೋರು ಒಂಚೂರು ಚಿಕ್ಕದಾಗಿ ಕಂಡ್ರೆ ಆಗಲ್ವಾ?”

ಇಷ್ಟು ವರ್ಷದ ಕೆಲಸದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ವಿಚಾರಿಸುತ್ತೇನೆಂದು ಸಾಗಹಾಕಿದ. ಆದರೂ ಮಾತು ತಲೆಯಲ್ಲಿ ಕೊರೆಯುತ್ತಿದ್ದುದರಿಂದ ಆಡಳಿತಾಧಿಕಾರಿಯ ಕೋಣೆಗೆ ಹೋಗಿ, ಫೋನಿನಲ್ಲೂ ನಲವತ್ತು ಜನ ಕಾಣುವಂತೆ ಫೋಟೊ ಕುಗ್ಗಿಸಬಹುದೇ ಎಂದು ಕೇಳಿದ. ತಮ್ಮ ಮುಖ ಸಾಸಿವೆಕಾಳಿನಷ್ಟಾಗುತ್ತದೆಂದು ಅವರು ಗಾಬರಿಯಾದರು. ಹಾಗಾದರೆ ಫೋನಿಗೆಂದೇ ಬೇರೆ ಫೋಟೊ ತೆಗೆಯಲೇ ಎಂದ.

“ಫೋನಲ್ಲಿ ನೋಡೋ ಜನಕ್ಕೆ ಏನ್ ಬೇಕಾದ್ರೂ ಹಾಕ್ಕೊಳ್ರಿ,” ಎಂದರು ಅವರು, ಮಾನಿಟರಿನಿಂದ ಕಣ್ಣು ಕೀಳದೆ. “ನಮಗೆ ಬೇಕಾದೋರು ದೊಡ್ಡ ಪರದೇಲೇ ನೋಡ್ತಾರೆ.”

ಅವನದೇ ಮಾತು. ತಾನು ಆಡಿದಾಗ ಜಾಣತನದಂತೆ ಕೇಳಿಸಿದ್ದು ಈ ಮನುಷ್ಯನ ಬಾಯಿಂದ ಬಂದಾಗ ಅವನಿಗೆ ಹೇಸಿಗೆಯಾಯಿತು. ತಾನೂ ಇಂಥವನೇ ಎಂದು ನಾಚಿಕೆಯೂ ಆಯಿತು.

ಫೋನಿನ ಪರದೆ ಅಗಲ ಕಡಿಮೆ, ಉದ್ದ ಹೆಚ್ಚು. ನಿಂತ ಒಬ್ಬ ಮನುಷ್ಯನಿಗೆ ಅಳತೆ ತೆಗೆದು ಮಾಡಿದಂತಿರುತ್ತದೆ. ಅವನು ಕ್ಯಾಮೆರಾ ಹಿಡಿದು ವಾರ್ಡಿಗೆ ಹೋದ. ಒರೆಸುವ ಕೋಲು ಪಕ್ಕಕ್ಕಿಡಲೇ ಎಂದು ಆಯಾ ಕೇಳಿದಳು. ಇರಲಿ ಎಂದ. ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ಪುಟ ತೆರೆದು ತೋರಿಸಿದ. ತಲೆಯಿಂದ ಪಾದದವರೆಗೆ ಅವಳೊಬ್ಬಳೇ. ಆಯಾ ಕಣ್ಣೊರೆಸಿಕೊಂಡು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಚಿತ್ರವನ್ನು ಬೆರಳಿನಿಂದ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ, ಮಿಕ್ಕವರು ಎಲ್ಲಿ ಎಂದಳು. ಒಬ್ಬರಿಗೇ ಜಾಗ ಎಂದ ಅವನು.

“ಹಾಗಾದ್ರೆ ದಿನಕ್ಕೊಬ್ಬರನ್ನ ಹಾಕಪ್ಪ. ನಾನೊಬ್ಳೇ ನಿಂತ್ಕೊಂಡ್ರೆ, ಆ ನಡುವೆ ನಿಂತೋರಿಗೂ ನನಗೂ ಏನ್ ವ್ಯತ್ಯಾಸ?”

ಅವನು ಅಲ್ಲಿಂದ ನೇರ ಗೇಟಿಗೆ ನಡೆದ. ನಾಳೆ ಫೋನಿನಲ್ಲಿ ನಿಮ್ಮದೇ ಫೋಟೊ ಎಂದು ಹೇಳಿದಾಗ ಕಾವಲುಗಾರ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ. ಆದರೆ ಕ್ಯಾಮೆರಾ ಮೇಲೆತ್ತಿದೊಡನೆ ರೂಢಿಯಂತೆ ಒಂದೊಂದೇ ಹೆಜ್ಜೆ ಬದಿಗೆ ಸರಿದು, ಅರ್ಧ ಮೈ ಚಿತ್ರದಿಂದ ಆಚೆ ಹೋದ.

“ಅಣ್ಣಾ, ನಡುವಿಗೆ ಬನ್ನಿ,” ಎಂದ ಡಿಸೈನರ್.

ಯಾರನ್ನು ಕರೆಯುತ್ತಿದ್ದಾರೆಂದು ಕಾವಲುಗಾರ ಹಿಂದಕ್ಕೆ ತಿರುಗಿ ನೋಡಿದ.